ಅವ್ವ ಹೋಟ್ಲಲ್ಲಿ ಲೋಟ ತೊಳೆದದ್ದು ಯಾಕೆ?

(ಸ್ವಲ್ಪ ಉದ್ದ ಇದೆ. ಟೈಮ್ ಇದ್ದಾಗ ಓದಿ, ಆದ್ರೆ ಪೂರ್ತಿ ಓದಿ.)

ಮೊನ್ನೆ ಶನಿವಾರ ಅವ್ವನಿಗೆ ಕಣ್ಣು ತೋರಿಸೋಕೆ ಅಂತ ಕೊಳ್ಳೇಗಾಲಕ್ಕೆ ಹೋಗಿದ್ದೆ. ಜೊತೆಗೆ ಮಗಳೂ ಬಂದಿದ್ದಳು. ಆಸ್ಪತ್ರೆ ಕೆಲಸ ಮುಗಿದಾಗ ಹನ್ನೊಂದು ಗಂಟೆ. ಮೂರೂ ಜನ ಒಂದು ಹೋಟ್ಲಿಗೆ ಹೋದೆವು. ಅವ್ವನಿಗೆ ಮಸಾಲೆ ದೋಸೆ ಅಂದ್ರೆ ಪಂಚಪ್ರಾಣ. ಆಲೂಗೆಡ್ಡೆ ಪಲ್ಯ ಮೊದಲು ತಿಂದು, ದೋಸೆಯನ್ನ ಚಟ್ನಿಯಲ್ಲಿ ಅದ್ದಿ ಅದ್ದಿ ನಿಧಾನಕ್ಕೆ ತಿಂದರು. ಕೊನೆಗೆ ಟೀ. ಟೀ ಕುಡಿದಾದ ಮೇಲೆ ನಾನು ಬಿಲ್ ಕೊಡೋಕೆ ಎದ್ದೆ. ತಿರುಗಿ ನೋಡ್ತೀನಿ, ಅವ್ವ ಟೇಬಲ್ ಹತ್ರ ಇಲ್ಲ. ಕೈ ತೊಳೆಯೋ ಜಾಗದಲ್ಲಿ ನಿಂತು ತಾವು ಕುಡಿದ ಲೋಟವನ್ನ ತೊಳೀತಾ ಇದ್ದಾರೆ! ಒಳಗೆ ಬೆರಳು ಹಾಕಿ ಉಜ್ಜಿ, ಎರಡು ಸಲ ನೀರು ಹಾಕಿ ಗಲಬರಿಸಿ, ಬೋರಲು ಹಾಕೋಕೆ ಜಾಗ ಹುಡುಕ್ತಾ ಇದ್ದಾರೆ.

ಟೇಬಲ್ ಒರೆಸುವ ಹುಡುಗ ಓಡಿ ಬಂದು, "ಅಜ್ಜಿ, ಬುಡಿ, ನೀವ್ಯಾಕ್ ತೊಳ್ದೀರಿ? ನಾನ್ ತಕ್ಕೋತೀನಿ" ಅಂದ. ಅವನ ದನಿಯಲ್ಲಿ ಗೌರವ ಬಿಟ್ಟು ಬೇರೇನೂ ಇರಲಿಲ್ಲ. ಅವ್ವ ಗಾಬರಿ ಆಗಿ ಲೋಟ ಅವನ ಕೈಗೆ ಕೊಟ್ಟು ಸೆರಗಲ್ಲಿ ಕೈ ಒರೆಸಿಕೊಂಡರು.

ಬಸ್ಸಲ್ಲಿ ಮಗಳು ಕೇಳಿದಳು: "ಅಪ್ಪ, ಅಜ್ಜಿ ಯಾಕೆ ಹೋಟ್ಲಲ್ಲಿ ಲೋಟ ತೊಳೆದ್ರು?"

ಏನು ಹೇಳಲಿ ಹನ್ನೊಂದು ವರ್ಷದ ಮಗೂಗೆ? "ಅಭ್ಯಾಸ ಕಣಮ್ಮ" ಅಂದೆ. ಅದು ನಿಜ, ಆದ್ರೆ ಪೂರ್ತಿ ನಿಜ ಅಲ್ಲ. ಉಳಿದದ್ದನ್ನ ಇಲ್ಲಿ ಬರೀತಿದ್ದೀನಿ. ಅವಳು ದೊಡ್ಡವಳಾದ ಮೇಲೆ ಓದಲಿ.

ಅವ್ವ ಹುಟ್ಟಿದ್ದು ಯಳಂದೂರು ಕಡೆ, ಕೊಟ್ಟದ್ದು ಹನೂರು ಕಡೆ. ಸಂತೆಗೂ ಆಸ್ಪತ್ರೆಗೂ ಕೊಳ್ಳೇಗಾಲ. ಅವರ ಇಡೀ ಬದುಕು ಈ ಮೂರು ಊರುಗಳ ನಡುವೆ ನಡೆದಿದೆ. ಈಗ ಮೂರೂ ಚಾಮರಾಜನಗರ ಜಿಲ್ಲೆ. ಆದ್ರೆ ಅವ್ವನ ಅಪ್ಪನ ಕಾಲದಲ್ಲಿ ಇವು ಒಂದೇ ರಾಜ್ಯದಲ್ಲೂ ಇರಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿ ಸರ್ಕಾರಕ್ಕೆ ಹೋಯಿತು. ಕೊಯಮತ್ತೂರು ಜಿಲ್ಲೆಗೆ ಸೇರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹನೂರು ಆಗ ಕೊಳ್ಳೇಗಾಲದ ಒಂದು ಭಾಗ. ಅದು ಬೇರೆ ತಾಲ್ಲೂಕಾದದ್ದು ಈಚೆಗೆ. ಯಳಂದೂರು ಮಾತ್ರ ಮೈಸೂರು ರಾಜ್ಯದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಸೀಮೆ ಅದು. ಕೊಳ್ಳೇಗಾಲದಿಂದ ಯಳಂದೂರಿಗೆ 15 ಕಿ.ಮೀ. ಆಸುಪಾಸು. ಅಷ್ಟರಲ್ಲೇ ಸರ್ಕಾರ ಬದಲು, ಕಾನೂನು ಬದಲು. ಇದು ಮುಗಿದದ್ದು 1956ರ ನವೆಂಬರ್ 1ಕ್ಕೆ, ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದಾಗ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಅಸ್ಪೃಶ್ಯತೆಯ ವಿರುದ್ಧ ಕಾನೂನು ಕೂಡ ನಮ್ಮ ಈ 15 ಕಿ.ಮೀ. ಒಳಗೆ ಎರಡು ಬೇರೆ ಬೇರೆ ವರ್ಷ ಬಂತು. ಮದ್ರಾಸ್ ಪ್ರಾಂತ್ಯದಲ್ಲಿ ದಲಿತ ನಾಯಕ ಎಂ.ಸಿ. ರಾಜಾ ಅವರ ಪ್ರಯತ್ನದಿಂದ 1938ರಲ್ಲಿ ಕಾಯ್ದೆ ಆಯಿತು. ಸಾರ್ವಜನಿಕ ಬಾವಿ, ಕೆರೆ, ರಸ್ತೆಗಳನ್ನ ಯಾರಿಗೂ ಜಾತಿ ಕಾರಣಕ್ಕೆ ನಿರಾಕರಿಸಬಾರದು ಅಂತ. ಮೈಸೂರಲ್ಲಿ ಅಂಥದ್ದೇ ಕಾಯ್ದೆ ಬಂದದ್ದು 1943ರಲ್ಲಿ. ಅಂದ್ರೆ ಕಾಗದದ ಮೇಲೆ ಕೊಳ್ಳೇಗಾಲದ ಹೊಲೆಯನಿಗೆ ಮಾದಿಗನಿಗೆ ಸಿಕ್ಕ ಹಕ್ಕು ಯಳಂದೂರಿನ ಹೊಲೆಯನಿಗೆ ಮಾದಿಗನಿಗೆ ಐದು ವರ್ಷ ತಡವಾಗಿ ಸಿಕ್ಕಿತು. ನೆಲದ ಮೇಲೆ ಮಾತ್ರ ಇಬ್ಬರಿಗೂ ಏನೂ ಸಿಗಲಿಲ್ಲ. ನಮ್ಮ ತಾತನಿಗೆ ಈ ಎರಡು ಕಾಯ್ದೆಗಳಲ್ಲಿ ಒಂದರ ಹೆಸರೂ ಗೊತ್ತಿರಲಿಲ್ಲ.

ಅವ್ವ ಹುಟ್ಟಿದ್ದು ಯಾವ ವರ್ಷ ಅಂತ ಯಾರೂ ಬರೆದಿಟ್ಟಿಲ್ಲ. ಆಧಾರ್ ಕಾರ್ಡಲ್ಲಿ 1955 ಅಂತ ಇದೆ. ಅದೇ ವರ್ಷದ ಜೂನ್ 1ರಿಂದ ಅಸ್ಪೃಶ್ಯತೆ (ಅಪರಾಧಗಳ) ಕಾಯ್ದೆ ಇಡೀ ದೇಶಕ್ಕೆ ಜಾರಿಯಾಯಿತು. ಅದರ 4ನೇ ಸೆಕ್ಷನ್ ಓದಿ ನೋಡಿ. ಅಂಗಡಿ, ಹೋಟೆಲುಗಳಿಗೆ ಪ್ರವೇಶ ಕೊಡಬೇಕು ಅಂತಷ್ಟೇ ಅಲ್ಲ, ಹೋಟೆಲಿನಲ್ಲಿ ಸಾರ್ವಜನಿಕರಿಗೆ ಅಂತ ಇಟ್ಟಿರುವ ಪಾತ್ರೆಗಳನ್ನ ಬಳಸೋದನ್ನ ತಡೆದರೂ ಅಪರಾಧ ಅಂತ ಬಿಡಿಸಿ ಹೇಳಿದೆ. ಒಂದು ದೇಶದ ಪಾರ್ಲಿಮೆಂಟು ಕೂತು ಲೋಟ ತಟ್ಟೆ ಬಗ್ಗೆ ಕಾನೂನು ಬರೀಬೇಕಾಯ್ತು! ಯಾಕಂದ್ರೆ ಜಾತಿ ಕೂತಿದ್ದದ್ದು ಅಲ್ಲೇ. ನಮ್ಮವ್ವನೂ ಆ ಕಾಯ್ದೆಯೂ ಓರಗೆಯವರು. ಇಬ್ಬರಿಗೂ ಎಪ್ಪತ್ತಾಯ್ತು.

ಇದಕ್ಕೂ ಮೊದಲು ಸಂವಿಧಾನ ಇದೇ ಮಾತನ್ನ ಹೇಳಿತ್ತು. 15ನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಎಲ್ಲವನ್ನೂ ಹೆಸರಿಟ್ಟು ಬರೆದಿದೆ. ಸಂವಿಧಾನ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂದದ್ದು 1948ರ ನವೆಂಬರ್ 29ಕ್ಕೆ. 'ಅಂಗಡಿ' ಅಂದ್ರೆ ಕ್ಷೌರದಂಗಡಿ, ಬಟ್ಟೆ ಒಗೆಯೋ ಅಂಗಡಿಯೂ ಸೇರುತ್ತಾ ಅನ್ನೋ ಪ್ರಶ್ನೆ ಬಂದಾಗ, ಬಾಬಾಸಾಹೇಬರು ಅದನ್ನ ವಿಶಾಲ ಅರ್ಥದಲ್ಲಿ ತಗೋಬೇಕು, ಬರೀ ಒಳಗೆ ಬಿಡೋದಲ್ಲ, ಸೇವೆಯನ್ನೂ ಕೊಡಬೇಕು ಅಂತ ವಿವರಿಸಿದರು. ಅವರಿಗೆ ಇದು ಪುಸ್ತಕದಿಂದ ಬಂದ ಜ್ಞಾನ ಆಗಿರಲಿಲ್ಲ. 1901ರಲ್ಲಿ, ಹುಡುಗ ಭೀಮರಾಯ ಅಣ್ಣನ ಜೊತೆ ಅಪ್ಪನನ್ನ ನೋಡೋಕೆ ಗೋರೆಗಾಂವ್ ದಾರಿ ಹಿಡಿದಾಗ, ಬುತ್ತಿಯಲ್ಲಿ ಅನ್ನ ಇತ್ತು, ನೀರು ಕೊಡೋರು ಇರಲಿಲ್ಲ. ನೀರಿಲ್ಲದೆ ಮಕ್ಕಳು ಬುತ್ತಿ ಮುಂದಿಟ್ಟುಕೊಂಡೂ ಹಸಿದು ಮಲಗಿದರು. ಇದನ್ನ ಅವರೇ ಬರೆದಿದ್ದಾರೆ.

ಈಗ ನಮ್ಮೂರ ಕಥೆಗೆ ಬರ್ತೀನಿ.

ನಾನು ಚಿಕ್ಕವನಿದ್ದಾಗ ಊರಲ್ಲಿ ಇದ್ದದ್ದು ಒಂದೇ ಟೀ ಹೋಟ್ಲು. ಗರಿ ಸೂರು, ಮಣ್ಣಿನ ಜಗಲಿ. ಒಳಗೆ ಬೆಂಚು, ಸ್ಟೀಲ್ ಲೋಟ. ಹೊರಗೆ ಸೂರಿಗೆ ಸಿಕ್ಕಿಸಿದ ಗಾಜಿನ ಲೋಟ ನಾಲ್ಕು. ಆ ನಾಲ್ಕು ನಮ್ಮವು. ಅಪ್ಪ ಅದರಲ್ಲಿ ಒಂದನ್ನ ಎಳ್ಕೊಂಡು, ಕೆಳಗಿಟ್ಟ ಬಕೀಟಲ್ಲಿ ತೊಳೆದು, ದೂರಕ್ಕೆ ಹಿಡಿದ್ರೆ, ಮೇಲಿನಿಂದ ಟೀ ಹುಯ್ತಿದ್ರು. ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕುಡಿದು, ಮತ್ತೆ ತೊಳೆದು ಸೂರಿಗೆ ಸಿಕ್ಕಿಸೋದು. ದುಡ್ಡು ಮಾತ್ರ ಎಲ್ಲರಷ್ಟೇ. ತಾತನ ಕಾಲದಲ್ಲಿ ಗಾಜಿನ ಲೋಟವೂ ಇರಲಿಲ್ವಂತೆ, ತೆಂಗಿನ ಚಿಪ್ಪು.

ಪಟ್ಟಣಗಳ ಹೋಟೆಲುಗಳ ಕಥೆ ಬೇರೆ ಥರ. ಮೈಸೂರು, ಮದ್ರಾಸು ಎರಡೂ ಕಡೆ 'ಬ್ರಾಹ್ಮಣರ ಹೋಟೆಲ್' ಅಂತ ಬೋರ್ಡ್ ಹಾಕೋದು ಒಂದು ಕಾಲಕ್ಕೆ ಮಾಮೂಲಿ. ಆ ಬೋರ್ಡಿನ ವಿರುದ್ಧ ಪೆರಿಯಾರ್ ಮದ್ರಾಸಿನಲ್ಲಿ ದೊಡ್ಡ ಚಳವಳಿಯನ್ನೇ ನಡೆಸಿದರು, 1957ರಲ್ಲಿ. ಅಂದ್ರೆ ನಮ್ಮ ಕೊಳ್ಳೇಗಾಲ ಮದ್ರಾಸನ್ನ ಬಿಟ್ಟು ಬಂದ ಮರುವರ್ಷ.

ನಮ್ಮ ಕಡೆ ಸದ್ದು ಶುರುವಾದದ್ದು 1970ರ ದಶಕದಲ್ಲಿ, ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಹಳ್ಳಿಗಳಿಗೆ ಬಂದ ಮೇಲೆ. ತಮಟೆ, ಹಾಡು, ಗೋಡೆ ಬರಹ. ಕೆಲವು ಊರಲ್ಲಿ ಬಾವಿ, ಕೆಲವು ಊರಲ್ಲಿ ದೇವಸ್ಥಾನ, ಕೆಲವು ಊರಲ್ಲಿ ಹೋಟ್ಲು. ಅಷ್ಟರಲ್ಲಿ ಹಳೇ ಕಾಯ್ದೆಗೂ ಹಲ್ಲು ಬಂದಿತ್ತು. 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಗಿ, ಕನಿಷ್ಠ ಒಂದು ತಿಂಗಳು ಜೈಲು ಕಡ್ಡಾಯ ಆಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು.

ನಮ್ಮೂರಲ್ಲಿ ಆದದ್ದು ತೊಂಬತ್ತರ ದಶಕದಲ್ಲಿ. ನಮ್ಮ ಕೇರಿಯ ಏಳೆಂಟು ಹುಡುಗರು ಒಂದು ಬೆಳಿಗ್ಗೆ ಸೀದಾ ಒಳಗೆ ಹೋಗಿ ಬೆಂಚಿನ ಮೇಲೆ ಕೂತರು. ಹೋಟ್ಲಿನವನು ಒಲೆಗೆ ನೀರು ಹುಯ್ದು, "ಇವತ್ತು ವ್ಯಾಪಾರ ಇಲ್ಲ" ಅಂದ. ಒಂದು ತಿಂಗಳು ಹೋಟ್ಲು ಮುಚ್ಚಿತ್ತು. ನಮ್ಮವರಿಗೆ ಕೂಲಿ ಕರೆಯೋದು ನಿಂತಿತು. ಅವ್ವ ಆ ಒಂದು ತಿಂಗಳು ನಡೆದು ಬೇರೆ ಊರಿಗೆ ಕೂಲಿಗೆ ಹೋದರು. ಒಂದು ದಿನಕ್ಕೂ "ನಿಮಗ್ಯಾಕೆ ಬೇಕಿತ್ತು" ಅಂತ ಆ ಹುಡುಗರನ್ನ ಬೈಯಲಿಲ್ಲ. ಆಮೇಲೆ ಹೋಟ್ಲು ತೆಗೆದಾಗ ಸೂರಿನ ಲೋಟ ಇರಲಿಲ್ಲ. ಸ್ಟೀಲ್ ಲೋಟವೂ ಇರಲಿಲ್ಲ! ಎಲ್ಲರಿಗೂ ಪ್ಲಾಸ್ಟಿಕ್ ಲೋಟ, ಕುಡಿದು ಬಿಸಾಕೋದು. ನಮ್ಮ ಲೋಟದಲ್ಲಿ ಅವರು ಕುಡಿಯೋ ಹಾಗಾಗಬಾರದು, ಕೇಸೂ ಆಗಬಾರದು. ಸಂವಿಧಾನ ನಮ್ಮನ್ನ ಸಮ ಅಂತು, ಊರು ಒಪ್ಪಲಿಲ್ಲ. ಪ್ಲಾಸ್ಟಿಕ್ ಲೋಟ ಸಮ ಅಂತು, ಊರು ಒಪ್ಪಿಕೊಂಡಿತು. ಇದು ಬರೀ ನಮ್ಮೂರ ಕಥೆ ಅಲ್ಲ. ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಊರಲ್ಲೂ ಹೀಗೇ ಆಗಿರುತ್ತೆ.

ಹೊರಗಿನ ಊಟ ಹೀಗಿದ್ರೆ, ಮನೆ ಊಟ ಹೇಗಿತ್ತು?

ನಮ್ಮನೆಯಲ್ಲಿ ದಿನಾ ಇದ್ದದ್ದು ಮುದ್ದೆ, ಉಪ್ಪೆಸರು. ಅವರೆಕಾಳೋ ಹುರುಳಿಯೋ ಒಂದು ಹಿಡಿ, ಹೊಲದ ಬದುವಿನಲ್ಲಿ ಕಿತ್ತ ಬೆರಕೆ ಸೊಪ್ಪು, ಅಣ್ಣೆಸೊಪ್ಪು, ಹೊನಗೊನ್ನೆ, ಗಣಿಕೆ, ಏನು ಸಿಕ್ಕಿತೋ ಅದು. ಉಪ್ಪು ಹಾಕಿ ಬೇಯಿಸಿ ಕಟ್ಟು ಬಸಿಯೋದು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಹುಣಸೆಹಣ್ಣು ಹಾಕಿ ಖಾರ ಅರೆಯೋದು. ಬಿಸಿ ಕಟ್ಟಿಗೆ ಖಾರ ಕಲಸ್ಕೊಂಡು ಮುದ್ದೆ ಮುರಿದು ಅದ್ದಿದ್ರೆ ಹಣೆಯಲ್ಲಿ ಬೆವರು. ಇವತ್ತು ಬೆಂಗಳೂರಿನ ದೊಡ್ಡ ಹೋಟ್ಲುಗಳಲ್ಲಿ ಇದನ್ನೇ 'ನಾಟಿ ಸ್ಟೈಲ್' ಅಂತ ಮಾರ್ತಾರೆ. ಸಂತೋಷ. ಆದ್ರೆ ಆ ಸೊಪ್ಪು ನಮ್ಮವ್ವಂದಿರು ಇನ್ನೊಬ್ಬರ ಹೊಲದಲ್ಲಿ ಕಳೆ ಕೀಳುತ್ತಾ ಮಡಿಲಿಗೆ ಹಾಕ್ಕೊಂಡು ಬಂದದ್ದು ಅನ್ನೋದು ನೆನಪಿರಲಿ.

ಬಾಡು ಇದ್ದ ದಿನ ಹಬ್ಬ. ತಲೆ, ಕಾಲು, ಬೋಟಿ, ಲಾಕಿ. ಬೇರೆಯವರು ಬಿಸಾಕಿದ್ದನ್ನ ರುಚಿ ಮಾಡೋ ವಿದ್ಯೆ ನಮ್ಮ ಹೆಂಗಸರಿಗೆ ಮಾತ್ರ ಗೊತ್ತಿತ್ತು. ಉಳಿದ ಬಾಡಿಗೆ ಉಪ್ಪು ಅರಿಶಿನ ಹಚ್ಚಿ ಹಗ್ಗಕ್ಕೆ ಹಾಕಿ ಒಣಗಿಸಿ ಮಳೆಗಾಲಕ್ಕೆ ಇಡೋದು. ದೊಡ್ಡದನ್ನೂ ತಿಂತಿದ್ವಿ. ಇದನ್ನ ಬರೆಯೋಕೆ ನನಗೆ ನಾಚಿಕೆ ಇಲ್ಲ. ಆದ್ರೆ ಶಾಲೆಯಲ್ಲಿ ಬುತ್ತಿ ಬಿಚ್ಚುವಾಗ ಮುಚ್ಚಳವನ್ನ ಅಡ್ಡ ಹಿಡ್ಕೊತಿದ್ದೆ ಅನ್ನೋದೂ ನಿಜ. 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ ಬಾಬಾಸಾಹೇಬರು ಅಸ್ಪೃಶ್ಯತೆಯ ಮೂಲವನ್ನ ಗೋಮಾಂಸದ ಜೊತೆ ಇಟ್ಟು ವಾದಿಸಿದರು. ಅದೇ ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ, ಸತ್ತ ದನದ ಮಾಂಸ ಬಿಡಿ, ಎಂಜಲು ಬೇಡೋದು ಬಿಡಿ ಅಂತ ನಮ್ಮ ಜನಕ್ಕೆ ಕರೆ ಕೊಟ್ಟರು. ಇವೆರಡೂ ಒಂದಕ್ಕೊಂದು ವಿರುದ್ಧ ಅಲ್ಲ. ಏನು ತಿನ್ನಬೇಕು ಅನ್ನೋದನ್ನ ನಮ್ಮ ಬಡತನವೂ ತೀರ್ಮಾನ ಮಾಡಬಾರದು, ಇನ್ನೊಬ್ಬರ ಮಡಿಯೂ ತೀರ್ಮಾನ ಮಾಡಬಾರದು. ನಮ್ಮ ಸ್ವಾಭಿಮಾನ ತೀರ್ಮಾನ ಮಾಡಬೇಕು. ನಮ್ಮ ತಾತ ಸತ್ತದ್ದನ್ನ ಬಿಟ್ಟದ್ದು ಸ್ವಾಭಿಮಾನದಿಂದ. 2020ರ ಜಾನುವಾರು ಹತ್ಯೆ ಕಾಯ್ದೆ ನಮ್ಮ ತಟ್ಟೆಯಿಂದ ಕಿತ್ಕೊಂಡದ್ದು ಬೇರೆ. 1964ರ ಹಳೇ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿಗಾದ್ರೂ ಅನುಮತಿಗೆ ದಾರಿ ಇತ್ತು. ಈಗ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಯಾವುದಕ್ಕೂ ಇಲ್ಲ.

ಇನ್ನೊಂದು ಊಟದ ಬಗ್ಗೆ ಹೇಳದೆ ಇದ್ರೆ ಈ ಬರಹ ಬರೀ ಗೋಳಾಗುತ್ತೆ. ಅದು ಚಿಕ್ಕಲ್ಲೂರು ಜಾತ್ರೆ ಊಟ.

ಹಳೇ ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ ಗದ್ದುಗೆ ಇದೆ. ಸಿದ್ದಪ್ಪಾಜಿ ಮಂಟೇಸ್ವಾಮಿಯ ಶಿಷ್ಯ. ಜನವರಿ ಹೊತ್ತಿಗೆ ಬರೋ ಹುಣ್ಣಿಮೆಗೆ ಜಾತ್ರೆ, ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ ಹಚ್ತಾರೆ. ಅದು ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ದಿಕ್ಕಿನಲ್ಲಿ ಬೆಳೆ ಅಂತ ನಂಬಿಕೆ. ನಾಲ್ಕನೇ ದಿನ ಪಂಕ್ತಿಸೇವೆ. ಬಯಲು ತುಂಬಾ ಬಿಡಾರ. ಬಿಡಾರಕ್ಕೊಂದು ಒಲೆ. ಕುರಿ, ಕೋಳಿ ಕೊಯ್ದು ಅಡುಗೆ ಮಾಡಿ, ಸಿದ್ದಪ್ಪಾಜಿಗೆ ಎಡೆ ಇಟ್ಟು, ಪಕ್ಕದ ಬಿಡಾರದವರನ್ನೂ ಕರೆದು ಸಾಲಾಗಿ ಕೂತು ಉಣ್ಣೋದು. ಪಕ್ಕದವರು ಯಾವ ಜಾತಿ ಅಂತ ಕೇಳೋ ಹಾಗಿಲ್ಲ.

ಆ ಪದ ಗಮನಿಸಿ. 'ಪಂಕ್ತಿ' ಅಂದ್ರೆ ಸಾಲು. ಮಠ, ಗುಡಿಗಳ ಊಟದಲ್ಲಿ ಪಂಕ್ತಿ ಅಂದ್ರೆ ಜಾತಿ ನೋಡಿ ಕೂರಿಸೋದು, ಪಂಕ್ತಿಭೇದ. ಅದೇ ಪದವನ್ನ ಕಿತ್ಕೊಂಡು ನಮ್ಮ ಹಿರೀಕರು ಭೇದ ಇಲ್ಲದ ಊಟಕ್ಕೆ ಹೆಸರಿಟ್ಟರು! ಇದು ಸುಮ್ಮನೆ ಬಂದದ್ದಲ್ಲ. ನೀಲಗಾರರು ತಂಬೂರಿ ಹಿಡಿದು ಹಾಡೋ ಮಂಟೇಸ್ವಾಮಿ ಕಥೆಯಲ್ಲೇ ಇದರ ಬೇರಿದೆ. ಕೊಳಕು ವೇಷದಲ್ಲಿ, ಹೆಂಡ ಬಾಡು ಹೊತ್ತು ಕಲ್ಯಾಣಕ್ಕೆ ಬಂದ ಗುರುವನ್ನ ಬಾಗಿಲಲ್ಲೇ ತಡೆದು ತಿಪ್ಪೆಗೆ ತಳ್ತಾರೆ. ಅವನನ್ನ ಹುಡುಕಿ ಗುರುತಿಸೋದು ಬಸವಣ್ಣ, ನೀಲಮ್ಮ ಮಾತ್ರ. ಸಮಾನತೆ ಬಗ್ಗೆ ಮಾತಾಡೋರನ್ನ ಅವರ ಊಟದ ಮನೆ ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡಿದ ಕಥೆ ಇದು.

ಈ ಪಂಕ್ತಿಸೇವೆಯನ್ನ ಈಚಿನ ವರ್ಷಗಳಲ್ಲಿ 'ಪ್ರಾಣಿಬಲಿ' ಅಂತ ಕರೆದು, 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಹೆಸರಲ್ಲಿ ತಡೆಯೋಕೆ ಹೊರಟರು. ಚೆಕ್‌ಪೋಸ್ಟ್ ಹಾಕಿ ಗಾಡಿ ತಪಾಸಣೆ ಮಾಡಿ ಕುರಿ ಕೋಳಿ ವಾಪಸ್ ಕಳಿಸಿದರು. ನಮ್ಮ ಹೋರಾಟಗಾರರು, ಸಾಹಿತಿಗಳು ಆಗಿಂದಲೂ ಕೇಳ್ತಿರೋದು ಒಂದೇ ಪ್ರಶ್ನೆ: ದೇವರ ಮುಂದೆ ರಕ್ತ ಹರಿಸೋದು ಬಲಿ. ಬಿಡಾರದ ಒಲೆ ಮೇಲೆ ಸಾರು ಮಾಡಿ ಹಂಚಿ ಉಣ್ಣೋದು ಬಲಿ ಹೇಗೆ? ಕಾಯ್ದೆಯ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದ್ರೆ ಜಾತಿ ಕೇಳದೆ ಎಲ್ಲರೂ ಕೂತು ಉಣ್ಣೋ ಒಂದು ಊಟ ಈ ನೆಲದಲ್ಲಿ ಉಳಿದಿದ್ರೆ, ಅದರ ಒಲೆಗೇ ನೀರು ಹುಯ್ಯೋದು ಎಂಥ ನ್ಯಾಯ? ನಮ್ಮೂರ ಹೋಟ್ಲಿನವನೂ ಅದನ್ನೇ ಮಾಡಿದ್ದು.

ಹಾಗಂತ ಒಂದು ದಿನದ ಸಹಪಂಕ್ತಿಯಿಂದ ಜಾತಿ ಹೋಗುತ್ತೆ ಅಂತ ನಾನು ನಂಬಿಲ್ಲ. 1936ರ 'ಜಾತಿ ವಿನಾಶ'ದಲ್ಲೇ ಬಾಬಾಸಾಹೇಬರು ಎಚ್ಚರಿಸಿದ್ದರು: ಒಟ್ಟಿಗೆ ಉಂಡ ಮಾತ್ರಕ್ಕೆ ಜಾತಿ ಸಾಯಲ್ಲ. ಚಿಕ್ಕಲ್ಲೂರಲ್ಲಿ ನಮ್ಮ ಬಿಡಾರದಲ್ಲಿ ಉಂಡವರು ಊರಿಗೆ ಬಂದ ಮೇಲೆ ನಮ್ಮನೆ ನೀರು ಮುಟ್ಟದೆ ಇರೋದನ್ನ ಕಣ್ಣಾರೆ ಕಂಡಿದ್ದೀನಿ. ಬಿಳಿಗಿರಿರಂಗನ ಬೆಟ್ಟದಲ್ಲಿ ದೇವರ ಕಾಲಿಗೆ ನಮ್ಮವರು ಹೊಲಿದ ದೊಡ್ಡ ತೊಗಲಿನ ಚಪ್ಪಲಿ ಬೇಕು. ಚಪ್ಪಲಿ ಹೊಲಿದ ಕೈಯ ಅನ್ನ ಎಷ್ಟು ಮನೆಗೆ ಬೇಕು? 2022ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಹೆಗ್ಗೋಠಾರದಲ್ಲಿ ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳು ತೊಂಬೆ ನೀರು ಕುಡಿದರು ಅಂತ ನೀರೆಲ್ಲ ಹೊರಗೆ ಬಿಟ್ಟು ಗಂಜಲ ಹಾಕಿ ತೊಳೆದದ್ದು ದೇಶಕ್ಕೆಲ್ಲ ಗೊತ್ತು. ಶಾಲೆಯ ಬಿಸಿಯೂಟದ ಕೆಲಸಕ್ಕೆ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆದ್ರೂ ಅವರು ಬೇಯಿಸಿದ ಅನ್ನ ಬೇಡ ಅಂತ ಮಕ್ಕಳನ್ನ ಶಾಲೆ ಬಿಡಿಸೋ ಸುದ್ದಿ ನಿಂತಿಲ್ಲ. ಹೋಟ್ಲು ಬಾಗಿಲು ತೆರೆದಿದೆ, ಅಲ್ಲಿ ದುಡ್ಡು ಕೊಡ್ತೀವಿ. ಮನೆ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. ಮೈಸೂರಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮ ಹುಡುಗರನ್ನ ಕೇಳಿ, 'ಸಸ್ಯಾಹಾರಿಗಳಿಗೆ ಮಾತ್ರ' ಅಂದ್ರೆ ಏನು ಅಂತ ಹೇಳ್ತಾರೆ.

ಅವತ್ತು ರಾತ್ರಿ ಮುದ್ದೆ ಕಟ್ತಾ ಕೂತಿದ್ದ ಅವ್ವನ್ನ ಕೇಳಿದೆ. "ಅಲ್ಲವ್ವ, ಆ ಹೋಟ್ಲಲ್ಲಿ ಯಾರೂ ನಿನ್ನ ತೊಳಿ ಅನ್ನಲಿಲ್ವಲ್ಲ, ಯಾಕ್ ತೊಳ್ದೆ?"

"ಗ್ಯಾನ ಇಲ್ದೆ ಕೈ ಹೋಯ್ತದೆ ಕನ ಮಗ. ತಲೆಗ್ ಗೊತ್ತು, ಕೈಗ್ ಗೊತ್ತಾಗಲ್ಲ" ಅಂದರು.

ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು: "ಮುಂದ್ಲ ಸಲಿ ಹೋದಾಗ ನೀ ದುಡ್ ಕೊಡಾಕ್ ಎದ್ದೋಗ್ಬೇಡ. ಕೂಸ್ನ ಕಳ್ಸು. ನೀ ನನ್ ಪಕ್ದಲ್ಲೇ ಕೂತಿರು. ನಾ ಲೋಟ ಅಲ್ಲೇ ಬುಟ್ಬುಟ್ಟು ಎದ್ ಬತ್ತೀನಿ."

ಎಪ್ಪತ್ತು ವರ್ಷದ ಹೆಂಗಸು, ಎಪ್ಪತ್ತು ವರ್ಷದ ಕಾಯ್ದೆ. ಕಾಯ್ದೆ ಲೋಟದ ತನಕ ಬಂದಿದೆ, ಅವ್ವನ ಕೈತನಕ ಇನ್ನೂ ಬಂದಿಲ್ಲ. ಬರುವ ತಿಂಗಳು ಮತ್ತೆ ಕಣ್ಣು ತೋರಿಸೋಕೆ ಹೋಗಬೇಕು. ಅದೇ ಹೋಟ್ಲು, ಅದೇ ಮಸಾಲೆ ದೋಸೆ. ಪಕ್ಕದಲ್ಲೇ ಕೂತಿರ್ತೀನಿ.

ನಮ್ಮವರಿಗೆ ಒಂದು ಮಾತು: ನಿಮ್ಮ ಅವ್ವ, ಅಪ್ಪ, ಅಜ್ಜಿ, ತಾತ ಇನ್ನೂ ಇದ್ದಾರೆ ಅನ್ನೋ ಹಾಗಿದ್ರೆ ಇವತ್ತೇ ಕೇಳಿ. ಊರ ಹೋಟ್ಲಲ್ಲಿ ನಿಮ್ಮ ಲೋಟ ಎಲ್ಲಿ ಇಡ್ತಿದ್ರು, ಯಾರು ಮೊದಲು ಒಳಗೆ ಹೋಗಿ ಕೂತರು, ಆ ತಿಂಗಳು ಮನೆಯಲ್ಲಿ ಏನು ಬೇಯ್ತು. ಬರೆದಿಡಿ. ನಮ್ಮ ಚರಿತ್ರೆ ಯಾವ ಗೆಜೆಟಿಯರಲ್ಲೂ ಇಲ್ಲ, ಅವರ ಕೈಯಲ್ಲಿದೆ.

ಬೇರೆಯವರಿಗೆ ಒಂದು ಪ್ರಶ್ನೆ, ಕೋಪದಿಂದ ಅಲ್ಲ: ನೀವು ಕೊನೇ ಸಲ ನಮ್ಮ ಕೇರಿಯ ಮನೆಯಲ್ಲಿ ಕೂತು ಉಂಡದ್ದು ಯಾವಾಗ? ಉಂಡಿಲ್ಲ ಅಂದ್ರೆ ಬನ್ನಿ. ಅವ್ವ ಉಪ್ಪೆಸರು ಮಾಡ್ತಾರೆ. ಲೋಟ ನಾವೇ ತೊಳೀತೀವಿ, ನಮ್ಮನೆಗೆ ಬಂದ ನೆಂಟರ ಲೋಟ ತೊಳೆಯೋ ಹಾಗೆ.

ಜೈಭೀಮ್.